ಅಣ್ಣನ ಪುಸ್ತಕವೂ ಯಂತ್ರದ ಪಟ್ಟಿಯೂ

ಶಿರಸ್ತೇದಾರರು ಸರಕಾರದ ಸೇವೆಯಿಂದ ನಿವೃತ್ತರಾಗಿ ಹತ್ತು ವರ್ಷಗಳ ಮೇಲಾದುವು. ಆದರೂ ಜಯನಗರದ ಅವರ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ತರಕಾರಿಯವನಿಗೂ ಅವರು ಶಿರಸ್ತೇದಾರರೇ. ಎದುರುಮನೆಯ ಮಗುವಿಗೂ ಶಿರಸ್ತೇದಾರ ತಾತನೇ. ಮೂವತ್ತಾರು ವರ್ಷ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯ ಧೂಳು ಕುಡಿದ ಆ ಜೀವಕ್ಕೆ, ಇರಬೇಕಾದ ವಸ್ತು ಇರಬೇಕಾದ ಕಡೆ ಇಲ್ಲದಿದ್ದರೆ ರಾತ್ರಿ ನಿದ್ರೆ ಹತ್ತದು. ಮೆಂತ್ಯದ ಡಬ್ಬಿಯಲ್ಲಿ ಸಾಸಿವೆ ಕಂಡರೆ ಅದಕ್ಕೂ ಒಂದು ಕಡತ ತೆರೆದಾರು ಎಂದು ಮನೆಯಾಕೆ ಹಾಸ್ಯಮಾಡುವುದುಂಟು. ಇಂಥವರ ಕೈಗೆ ನಾಲ್ಕುನೂರು ಚಲಚ್ಚಿತ್ರಗಳ ಒಂದು ರಾಶಿ ಬಂದು ಬಿದ್ದರೆ ಏನಾದೀತೆಂಬುದನ್ನು ಊಹಿಸಬಹುದು.

ಬಿದ್ದದ್ದು 2019ರಲ್ಲಿ, ಅಣ್ಣ ತೀರಿಕೊಂಡ ಮೇಲೆ. ಅಣ್ಣ ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದವರು. ಆಸ್ತಿಯೆಂದು ಹೇಳಿಕೊಳ್ಳುವಂಥದು ಏನನ್ನೂ ಮಾಡಿರಲಿಲ್ಲ. ಅವರು ಬಿಟ್ಟುಹೋದವು ಎರಡು: ಒಂದು ಟ್ರಂಕಿನ ತುಂಬ ವೀಸಿಡಿ ತಟ್ಟೆಗಳು, ಮತ್ತು ರಟ್ಟು ಸವೆದ ಒಂದು ಲೆಕ್ಕದ ಪುಸ್ತಕ. ಆ ಪುಸ್ತಕದಲ್ಲಿ 1959ರಿಂದ ಮೊದಲುಗೊಂಡು ತಾವು ನೋಡಿದ ಪ್ರತಿಯೊಂದು ಚಿತ್ರದ ಹೆಸರು, ನೋಡಿದ ಊರು, ಜೊತೆಗಿದ್ದವರು, ಟಿಕೀಟಿನ ದರ, ಕೊನೆಗೆ ಒಂದು ಸಾಲಿನ ಅಭಿಪ್ರಾಯ ಇವಿಷ್ಟನ್ನೂ ಅವರು ತಪ್ಪದೆ ಬರೆದಿಟ್ಟಿದ್ದರು. ಟ್ರಂಕು, ಪುಸ್ತಕ ಎರಡರೊಡನೆ ಅತ್ತಿಗೆಯೂ ಮೈದುನನ ಮನೆಗೆ ಬಂದರು. ಒಬ್ಬಳೇ ಮಗಳು ಅಮೆರಿಕದಲ್ಲಿ. ಆಕೆ ಕರೆದರೂ ಅತ್ತಿಗೆ ಹೋಗಲೊಲ್ಲರು. ಅಲ್ಲಿಯ ಚಳಿಗೆ ತಮ್ಮ ಮಂಡಿ ಒಪ್ಪುವುದಿಲ್ಲವೆಂಬುದು ಅವರು ಹೇಳುವ ಕಾರಣ.

ತಟ್ಟೆಗಳು ಆಗಲೇ ಹಾಳಾಗತೊಡಗಿದ್ದುವು. ಕೆಲವದರ ಮೇಲೆ ಬೂಷ್ಟಿನಂತೆ ಕಲೆ. ಕೆಲವು ನಡುವೆ ನಿಂತು ಒಂದೇ ಮಾತನ್ನು ಹತ್ತು ಸಲ ಆಡುತ್ತಿದ್ದುವು. ಇದ್ದುದರಲ್ಲಿ ಉಳಿದುದನ್ನು ಗಣಕಯಂತ್ರದ ಗಟ್ಟಿ ತಟ್ಟೆಗೆ ಇಳಿಸಿಕೊಳ್ಳೋಣ ಎಂದು ಸಲಹೆ ಕೊಟ್ಟವಳು ಇಂಜಿನಿಯರಿಂಗ್ ಓದುವ ಮೊಮ್ಮಗಳು. ಇಳಿಸಿದುದನ್ನು ಟೀವಿಯಲ್ಲಿ ತೋರಿಸಲು ಕೋಡಿ ಎಂಬ ತಂತ್ರಾಂಶವನ್ನು ಅವಳೇ ಹಾಕಿಕೊಟ್ಟಳು.

ಕೋಡಿ ಎಂದೊಡನೆ ಶಿರಸ್ತೇದಾರರಿಗೆ ನೆನಪಾದದ್ದು ಕೆರೆಯ ಕೋಡಿ. ಇದು ಆ ಕೋಡಿಯಲ್ಲ. 2002ರಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಯಲ್ಲಿ ಹಾಡು, ಚಿತ್ರಗಳನ್ನು ನಡೆಸುವುದಕ್ಕಾಗಿ ಹವ್ಯಾಸಿಗಳು ಬರೆದ ಒಂದು ತಂತ್ರಾಂಶ ಬೆಳೆದು, ಆ ಪೆಟ್ಟಿಗೆಯ ಹಂಗು ತೊರೆದು, 2014ರಲ್ಲಿ ಈ ಹೆಸರು ಪಡೆಯಿತು. ಬೆಲೆಯಿಲ್ಲ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಮನೆಯಲ್ಲಿರುವ ಚಿತ್ರಗಳ ಕಡತಗಳನ್ನು ಅದಕ್ಕೆ ತೋರಿಸಿದರೆ, ಒಂದೊಂದರ ಹೆಸರನ್ನೂ ಓದಿ, ಅಂತರಜಾಲದ ಮಾಹಿತಿ ಭಂಡಾರದಲ್ಲಿ ಆ ಹೆಸರನ್ನು ಹುಡುಕಿ, ಭಿತ್ತಿಚಿತ್ರ, ನಟವರ್ಗ, ನಿರ್ದೇಶಕ, ಕಥಾಸಾರ ಎಲ್ಲವನ್ನೂ ತಂದು ಗೋಡೆಗೆ ಪಟ ತೂಗುಹಾಕಿದಂತೆ ಟೀವಿಯ ಮೇಲೆ ಜೋಡಿಸಿಡುತ್ತದೆ. ಚಿತ್ರಗಳಿಗಾಗಿ ಅದು ವಾಡಿಕೆಯಾಗಿ ಕೇಳುವ ಭಂಡಾರದ ಹೆಸರು ಟಿಎಮ್‌ಡಿಬಿ. 2008ರಲ್ಲಿ ಪ್ರಾರಂಭವಾದ ಆ ಭಂಡಾರವನ್ನು ತುಂಬುವವರು ಸಂಬಳದ ಗುಮಾಸ್ತರಲ್ಲ, ಲೋಕದ ನಾನಾ ಮೂಲೆಗಳಲ್ಲಿ ಕುಳಿತ ಚಿತ್ರಪ್ರೇಮಿಗಳು. ಯಾರೋ ಪುಣ್ಯಾತ್ಮರು ಬರೆದಿದ್ದರೆ ಉಂಟು, ಬರೆದಿಲ್ಲದಿದ್ದರೆ ಇಲ್ಲ.

ಮೂರು ತಿಂಗಳು ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೆ ಕುಳಿತು ಶಿರಸ್ತೇದಾರರು ತಟ್ಟೆಗಳನ್ನು ಇಳಿಸಿದರು. ಶುಭದಿನ ನೋಡಿ ಯಂತ್ರಕ್ಕೆ ತೋರಿಸಿದರು. ಅದು ಅರ್ಧ ಗಂಟೆ ಹುಡುಕಿತು. ಮನೆಯವರೆಲ್ಲ ಟೀವಿಯ ಮುಂದೆ ಕುಳಿತಿದ್ದರು. ಮನೆಯಾಕೆ ಪಾಯಸವನ್ನೂ ಮಾಡಿದ್ದರು. ತೆರೆಯ ಮೇಲೆ ಬಂದದ್ದು ಹನ್ನೊಂದು ಚಿತ್ರ! ಕೋಡಿ ಬೀಳಬೇಕಾಗಿದ್ದ ಕೆರೆಯಲ್ಲಿ ಕಾಲು ನೆನೆಯುವಷ್ಟೂ ನೀರಿರಲಿಲ್ಲ.

ಚಿತ್ರಗಳೇನೋ ತಟ್ಟೆಯಲ್ಲಿ ಭದ್ರವಾಗಿದ್ದುವು. ಆದರೆ ಗುರುತು ಹತ್ತದ ಚಿತ್ರವನ್ನು ಈ ತಂತ್ರಾಂಶ ತನ್ನ ಗ್ರಂಥಾಲಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಬರಿಯ ಕಡತಗಳ ಪಟ್ಟಿಗೆ ಹೋಗಿ ನೋಡಿದರೆ ಮಾತ್ರ ಅದು ಕಾಣುತ್ತದೆ. ಗುರುತು ಹತ್ತದ ಕಾರಣ ಬಲು ಸರಳ. ವೀಸಿಡಿ ತಟ್ಟೆಯ ಒಳಗೆ ಚಿತ್ರವಿರುವ ಕಡತಕ್ಕೆ, ಅದು ರಾಜಕುಮಾರರದಾಗಲಿ ಹಾಲಿವುಡ್ಡಿನದಾಗಲಿ, ಇರುವುದು ಒಂದೇ ಹೆಸರು: ಎವಿಸೆಕ್ 01. ತಂತ್ರಾಂಶವು ಆ ಹೆಸರಿನ ಚಿತ್ರವನ್ನು ಭೂಮಂಡಲದಲ್ಲೆಲ್ಲ ಹುಡುಕಿ, ಇಲ್ಲವೆಂದು ಕೈಚೆಲ್ಲಿತು. ಅದರ ತಪ್ಪೇನಿದೆ? ಊರಿನ ಮಕ್ಕಳಿಗೆಲ್ಲ ‘ಮಗು’ ಎಂದೇ ಹೆಸರಿಟ್ಟು ಶಾಲೆಗೆ ಕಳುಹಿಸಿದರೆ ಮೇಷ್ಟರು ಹಾಜರಿ ಕರೆಯುವುದು ಹೇಗೆ?

ಇದಕ್ಕಿಂತ ದೊಡ್ಡ ಅನಾಹುತ ಆಮೇಲೆ ತಿಳಿಯಿತು. ಒಂದು ವೀಸಿಡಿಯಲ್ಲಿ ಹಿಡಿಸುವುದು ಸುಮಾರು ಒಂದೂಕಾಲು ಗಂಟೆಯ ಚಿತ್ರ. ಆದುದರಿಂದ ನಮ್ಮ ಚಿತ್ರಗಳು ಎರಡು ಮೂರು ತಟ್ಟೆಗಳಲ್ಲಿ ಬರುತ್ತಿದ್ದುವು. ಎರಡನೆಯ ತಟ್ಟೆಯ ಕಡತಕ್ಕೂ ಅದೇ ಹೆಸರು. ಒಂದೇ ಕೋಶಕ್ಕೆ ಅದನ್ನು ಇಳಿಸುವಾಗ ‘ಇದೇ ಹೆಸರಿನದು ಆಗಲೇ ಇದೆ, ಅದರ ಬದಲಿಗೆ ಇದನ್ನಿಡಲೇ?’ ಎಂದು ಗಣಕ ವಿನಯದಿಂದಲೇ ಕೇಳಿತ್ತು. ಶಿರಸ್ತೇದಾರರು ಪ್ರತಿಸಲವೂ ‘ಹೌದು’ ಒತ್ತಿದ್ದರು. ಹೀಗೆ ಇಪ್ಪತ್ತಾರು ಚಿತ್ರಗಳ ಪೂರ್ವಾರ್ಧ ಅಳಿಸಿಹೋಗಿ, ನಾಯಕ ನಾಯಕಿಯರು ಪರಿಚಯವೇ ಇಲ್ಲದೆ ನೇರವಾಗಿ ಅಗಲಿಕೆಯ ದುಃಖದಲ್ಲಿ ಮುಳುಗಿದ್ದರು. ಅಷ್ಟನ್ನೂ ಮತ್ತೆ ಇಳಿಸಬೇಕಾಯಿತು. ಮೂರು ತಟ್ಟೆಗಳು ಎರಡನೆಯ ಸಲ ಓದಿಸಿಕೊಳ್ಳಲಿಲ್ಲ.

ಮೊಮ್ಮಗಳು ದಾರಿ ತೋರಿಸಿದಳು. ಒಂದೊಂದು ಚಿತ್ರಕ್ಕೂ ಒಂದು ಪ್ರತ್ಯೇಕ ಕೋಶ. ಕೋಶದ ಮೇಲೆ ಚಿತ್ರದ ಹೆಸರು, ಕಂಸದಲ್ಲಿ ಅದು ತೆರೆಕಂಡ ವರ್ಷ. ಕಡತದ ಹೆಸರನ್ನು ಬಿಟ್ಟು ಕೋಶದ ಹೆಸರಿನಿಂದ ಹುಡುಕು ಎಂದು ತಂತ್ರಾಂಶಕ್ಕೆ ಹೇಳಲು ಅನುಕೂಲವಿದೆ. ತುಂಡುಗಳ ಹೆಸರಿನ ಕೊನೆಗೆ ಸಿಡಿ 1, ಸಿಡಿ 2 ಎಂದು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿದರೆ ಎರಡನ್ನೂ ಒಂದೇ ಚಿತ್ರವೆಂದು ಅದು ಹೊಲಿದುಕೊಳ್ಳುತ್ತದೆ.

“ವರ್ಷ ಯಾಕಮ್ಮ? ಹೆಸರು ಸಾಲದೇ?” ಎಂದರು ಶಿರಸ್ತೇದಾರರು.

“ಹಾಕದೆ ನೋಡಿ ತಾತ,” ಎಂದಳು ಅವಳು.

ಹಾಕದೆ ನೋಡಿದರು. ‘ಗಂಧದ ಗುಡಿ’ಯ ಕೋಶಕ್ಕೆ ಯಂತ್ರ ತಂದಿಟ್ಟದ್ದು 2022ರ ಗಂಧದ ಗುಡಿಯನ್ನು. ಅಣ್ಣ ಬಿಟ್ಟುಹೋದದ್ದು 1973ರದು, ರಾಜಕುಮಾರ್ ಅರಣ್ಯಾಧಿಕಾರಿಯಾಗಿ ಬರುವುದು. ಸುಮಾರು ಐವತ್ತು ವರ್ಷಗಳ ಬಳಿಕ ಅದೇ ಹೆಸರಿನಲ್ಲಿ ಬಂದದ್ದು ಪುನೀತ್ ರಾಜಕುಮಾರರ ಕಾಡಿನ ಪ್ರಯಾಣ. ಅವರು ತೀರಿಕೊಂಡ ಮರುವರ್ಷ ತೆರೆಗೆ ಬಂದದ್ದು. ತಂದೆಯ ಚಿತ್ರದ ಜಾಗದಲ್ಲಿ ಮಗನ ನಗುಮುಖ ಕಂಡು ಮನೆಯಾಕೆ ಕಣ್ಣೊರೆಸಿಕೊಂಡರು. “ಇರಲಿ ಬಿಡಿ, ತೆಗೀಬೇಡಿ,” ಎಂದರು. ದಾಖಲೆಯ ಶಿಸ್ತಿಗೆ ಅದು ಸಮ್ಮತವಲ್ಲವಾಗಿ ಶಿರಸ್ತೇದಾರರು ಕೋಶದ ಮೇಲೆ 1973 ಎಂದು ಬರೆದರು. ‘ನಾಗರಹಾವು’ ಇನ್ನೂ ತೊಡಕಿನದು. ತ. ರಾ. ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು ತೆಗೆದದ್ದು 1972ರಲ್ಲಿ. ಅದೇ ಹೆಸರಿನ ಬೇರೆ ಚಿತ್ರಗಳು 2002ರಲ್ಲಿ ಒಂದು, 2016ರಲ್ಲಿ ಒಂದು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ‘ನಾ’ಕಾರಕ್ಕೆ ಒಂದು ಎ ಹಾಕಬೇಕೇ ಎರಡು ಹಾಕಬೇಕೇ ಎಂಬ ಜಿಜ್ಞಾಸೆ ಬೇರೆ. ಕನ್ನಡದ ದೀರ್ಘಸ್ವರಗಳನ್ನು ಇಂಗ್ಲಿಷಿಗೆ ಒಪ್ಪಿಸುವಾಗ ಒಬ್ಬೊಬ್ಬರದೂ ಒಂದೊಂದು ವ್ಯಾಕರಣ. ಭಂಡಾರದಲ್ಲಿ ಬರೆದವರು ಯಾವ ಗುರುಗಳ ಶಿಷ್ಯರೆಂಬುದನ್ನು ಮೊದಲು ಕಂಡುಕೊಳ್ಳಬೇಕು.

ಎರಡು ತಿಂಗಳಲ್ಲಿ ಮುನ್ನೂರ ಎಪ್ಪತ್ತು ಚಿತ್ರಗಳು ತೆರೆಯ ಮೇಲೆ ಕುಳಿತುವು. ಅಷ್ಟಕ್ಕೆ ತೃಪ್ತರಾಗಿದ್ದರೆ ಈ ಕಥೆಯೇ ಇಲ್ಲ. ಒಂದು ಸಂಜೆ ಶಿರಸ್ತೇದಾರರು ಅಣ್ಣನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಚಿತ್ರದ ಕೆಳಗೆ ಬರುವ ಇಂಗ್ಲಿಷ್ ಕಥಾಸಾರದ ಸ್ಥಳದಲ್ಲಿ ಅಣ್ಣ ಬರೆದ ಸಾಲು ಬರುವಂತಿದ್ದರೆ ಎಂದು ಆಸೆಪಟ್ಟರು. ಸಾಧ್ಯವಿದೆ ಎಂದಳು ಮೊಮ್ಮಗಳು. ಕೋಶದೊಳಗೆ ಎನ್‌ಎಫ್‌ಓ ಎಂಬ ಕೊನೆಯಕ್ಷರದ ಒಂದು ಚಿಕ್ಕ ಬರಹದ ಕಡತವನ್ನಿಟ್ಟರೆ ತಂತ್ರಾಂಶ ಮೊದಲು ಅದನ್ನು ಓದುತ್ತದೆ. ಅದರಲ್ಲಿ ಕಥಾಸಾರವನ್ನಷ್ಟೇ ನಾವು ಬರೆದು, ಕೊನೆಯ ಸಾಲಿಗೆ ಭಂಡಾರದ ಪುಟದ ವಿಳಾಸವನ್ನು ಸೇರಿಸಿದರೆ, ನಾವು ಬರೆದದ್ದು ಹಾಗೆಯೇ ನಿಂತು ಮಿಕ್ಕದ್ದನ್ನೆಲ್ಲ ಅದು ಹೊರಗಿನಿಂದ ತಂದುಕೊಳ್ಳುತ್ತದೆ.

ಶಿರಸ್ತೇದಾರರು ಕಚೇರಿಯಲ್ಲಿ ಕಲಿತ ಬೆರಳಚ್ಚಿನಲ್ಲಿ ಹತ್ತು ಚಿತ್ರಗಳಿಗೆ ಅಣ್ಣನ ಮಾತುಗಳನ್ನು ಬರೆದರು. ತೆರೆಯ ಮೇಲೆ ಮೂಡಿದ್ದು ಮಾತ್ರ ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ, ತಲೆಯ ಮೇಲೆ ಚುಕ್ಕೆ ಗೆರೆಗಳನ್ನು ಹೊತ್ತ ಪಿಶಾಚ ಭಾಷೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಾಡಿನ ಕಚೇರಿಗಳಲ್ಲಿ ನಡೆಯುತ್ತಿದ್ದ ಹಳೆಯ ಕನ್ನಡ ಅಕ್ಷರಗಳು ಒಳಗೆ ಇಂಗ್ಲಿಷ್ ಅಕ್ಷರದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರವನ್ನು ಹೊದಿಸಿದಂಥವು. ಆ ಹೊದಿಕೆಯಿಲ್ಲದ ಯಂತ್ರದಲ್ಲಿ ಒಳಗಿನದು ಬಯಲಾಗುತ್ತದೆ. ಪರಿವರ್ತಕವೊಂದರಿಂದ ಯೂನಿಕೋಡಿಗೆ ತಿರುಗಿಸಿದ ಮೇಲೆ ಒಂಬತ್ತು ಸರಿಹೋದುವು. ಹತ್ತನೆಯದು ಹೋಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಅದರಲ್ಲಿ ಅಣ್ಣ ‘ನಾನು’ ‘ಅವಳು’ ಎರಡು ಪದಗಳ ನಡುವೆ, ‘ಮತ್ತು’ ಎಂದು ಬರೆಯುವ ಬದಲಾಗಿ ಇಂಗ್ಲಿಷಿನ ಕೂಡುಗುರುತು ಹಾಕಿದ್ದರು. ಈ ಕಡತದ ಕಟ್ಟಳೆಯಲ್ಲಿ ಆ ಗುರುತಿಗೆ ಬೇರೆಯೇ ಅರ್ಥ. ಬಿಡಿಯಾಗಿ ಅದು ಕಂಡರೆ ಯಂತ್ರ ಓದುವುದನ್ನೇ ನಿಲ್ಲಿಸಿಬಿಡುತ್ತದೆ. ಮೇಷ್ಟರು ಅವಸರದಲ್ಲಿ ಹಾಕಿದ ಒಂದು ಗಂಟಿಗಾಗಿ ಇಡೀ ಪುಟ ಕಾಣೆಯಾಗಿತ್ತು. ‘ಮತ್ತು’ ಎಂದು ಬರೆದರು, ಬಂದಿತು.

ಒಮ್ಮೆ ಮಾತ್ರ ಎದೆ ಒಡೆಯುವಂತಾಯಿತು. ಆಗಲೇ ಪಟ್ಟಿಯಲ್ಲಿರುವ ಚಿತ್ರಕ್ಕೆ ಹೊಸದಾಗಿ ಬರೆದದ್ದನ್ನು ತಂತ್ರಾಂಶ ತಾನಾಗಿ ನೋಡುವುದಿಲ್ಲ. ಒಂದೊಂದನ್ನೂ ಹಿಡಿದು ‘ನವೀಕರಿಸು’ ಎನ್ನಬೇಕು. ಆಗ ಅದು ‘ಮನೆಯಲ್ಲೇ ಬರೆದಿಟ್ಟ ಮಾಹಿತಿ ಇದೆ, ಅದನ್ನು ಬಿಟ್ಟು ಅಂತರಜಾಲದಿಂದ ತರಲೇ?’ ಎಂಬ ಅರ್ಥದ ಪ್ರಶ್ನೆ ಕೇಳುತ್ತದೆ. ಇಲ್ಲಿ ‘ಹೌದು’ ಎನ್ನುವುದು ಬೇಡದ ಉತ್ತರ. ಸರಕಾರಿ ನೌಕರನ ಬೆರಳಿಗೆ ‘ಹೌದು’ ಎಂಬುದು ರೂಢಿ. ಅರುವತ್ತು ಚಿತ್ರಗಳ ಕೆಳಗಿನ ಅಣ್ಣನ ಮಾತು ಒಂದೇ ಮಧ್ಯಾಹ್ನದಲ್ಲಿ ಹಾರಿಹೋಗಿ, ಅಪರಿಚಿತರ ಇಂಗ್ಲಿಷ್ ಮರಳಿ ಬಂದಿತು. ಅಂದು ಶಿರಸ್ತೇದಾರರು ಊಟ ಮಾಡಲಿಲ್ಲ. ಸಂಜೆ ಕಾಲೇಜಿನಿಂದ ಬಂದ ಮೊಮ್ಮಗಳು ಕೋಶ ತೆರೆದು ತೋರಿಸಿದಳು: ಬರೆದ ಕಡತಗಳು ಚಿತ್ರದ ಪಕ್ಕದಲ್ಲಿ ಇದ್ದಂತೆಯೇ ಇದ್ದುವು. ಅಳಿದದ್ದು ಯಂತ್ರದ ನೆನಪು ಮಾತ್ರ. ಮತ್ತೊಮ್ಮೆ ನವೀಕರಿಸಿ, ‘ಇಲ್ಲ’ ಎಂದು ಒತ್ತಿದೊಡನೆ ಅಣ್ಣ ಹಿಂದಿರುಗಿದರು.

ಅತ್ತಿಗೆ ಈ ಗದ್ದಲವನ್ನೆಲ್ಲ ಬತ್ತಿ ಹೊಸೆಯುತ್ತ ದೂರದಿಂದ ನೋಡುತ್ತಿದ್ದರೇ ಹೊರತು ಏನನ್ನೂ ಕೇಳಿದವರಲ್ಲ. ಗೌರಿ ಹಬ್ಬದ ಮುನ್ನಾದಿನ ಅವರೇ ಬಾಯಿಬಿಟ್ಟರು.

“ಸತ್ಯ ಹರಿಶ್ಚಂದ್ರ ಇದೆಯೇನೋ ಅದರಲ್ಲಿ?”

ಇತ್ತು. ಕೋಶದ ಮೇಲೆ 1965 ಎಂದು ಸ್ಪಷ್ಟವಾಗಿ ಬರೆದೂ ಇತ್ತು. ಶಿರಸ್ತೇದಾರರು ಹೆಮ್ಮೆಯಿಂದ ಗುಂಡಿ ಒತ್ತಿ ಪುಟ ತೆರೆದರು. ಅತ್ತಿಗೆ ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು.

“ಇದು ರಾಜಕುಮಾರ ಅಲ್ಲವಲ್ಲ. ನಿಮ್ಮಣ್ಣ ತೋರಿಸಿದ್ದು ಇದಲ್ಲ.”

ನಿಜ. ತೆರೆಯ ಮೇಲಿದ್ದ ಹರಿಶ್ಚಂದ್ರ ಎನ್. ಟಿ. ರಾಮರಾಯರು. ನಟವರ್ಗದ ಪಟ್ಟಿಯೂ ತೆಲುಗು, ನಿರ್ದೇಶಕರ ಹೆಸರೂ ತೆಲುಗು ಚಿತ್ರದ್ದು. ಇಲ್ಲಿ ವರ್ಷವೂ ಕೈಕೊಟ್ಟಿತ್ತು. ಏಕೆಂದರೆ ಕೆ. ವಿ. ರೆಡ್ಡಿಯವರು 1965ರಲ್ಲಿ ಈ ಕಥೆಯನ್ನು ತೆಲುಗಿನಲ್ಲಿ ತಾವೇ ನಿರ್ದೇಶಿಸಿ, ಕನ್ನಡದಲ್ಲಿ ಹುಣಸೂರು ಕೃಷ್ಣಮೂರ್ತಿಗಳಿಂದ ನಿರ್ದೇಶನ ಮಾಡಿಸಿ, ಎರಡನ್ನೂ ಅದೇ ವರ್ಷ ತೆರೆಗೆ ತಂದರು. ಕನ್ನಡದಲ್ಲಿ ಹರಿಶ್ಚಂದ್ರ ರಾಜಕುಮಾರ್, ಚಂದ್ರಮತಿ ಪಂಢರೀಬಾಯಿ. ಹೆಸರು ಒಂದು, ವರ್ಷ ಒಂದು, ಕಥೆಯೂ ಒಂದು. ರಾಘವಾಂಕನನ್ನು ಓದಿದ ನಾಡಿನವರಿಗೆ ಅದೇ ಇದೇ ಎಂಬ ಭೇದ ಕಣ್ಣಿಗೆ ಹೊಡೆದಂತೆ ಕಂಡೀತು. ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಬಲ್ಲ ಯಂತ್ರಕ್ಕೆ ಎಲ್ಲಿಂದ ಕಾಣಬೇಕು?

ಆದರೆ ಶಿರಸ್ತೇದಾರರಿಗೆ ಇದು ಹೊಸ ವ್ಯಾಜ್ಯವಲ್ಲ. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಇಬ್ಬರು, ಇಬ್ಬರ ತಂದೆಯ ಹೆಸರೂ ಒಂದೇ. ಇಂಥ ಎಷ್ಟು ಪಹಣಿಗಳನ್ನು ಅವರು ತಿದ್ದಿಲ್ಲ! ಹೆಸರು ನಂಬಿ ಖಾತೆ ಬದಲಾಯಿಸಿದವನು ಕೆಟ್ಟ. ಅಲ್ಲಿ ನಂಬಬೇಕಾದದ್ದು ಸರ್ವೆ ನಂಬರನ್ನು. “ಇದಕ್ಕೂ ಸರ್ವೆ ನಂಬರು ಇರಬೇಕಲ್ಲಮ್ಮ?” ಎಂದು ಅವರು ಕೇಳಿದಾಗ ಮೊಮ್ಮಗಳು ಬೆರಗಾಗಿ ಅವರ ಮುಖ ನೋಡಿದಳು. ಇತ್ತು. ಭಂಡಾರದಲ್ಲಿ ಪ್ರತಿಯೊಂದು ಚಿತ್ರಕ್ಕೂ ಅದರದೇ ಒಂದು ಸಂಖ್ಯೆ. ಪುಟದ ವಿಳಾಸದಲ್ಲೇ ಅದು ಕಾಣುತ್ತದೆ. ಕನ್ನಡ ಚಿತ್ರದ ಪುಟವನ್ನು ಹುಡುಕಿ, ಆ ವಿಳಾಸವನ್ನು ಎನ್‌ಎಫ್‌ಓ ಕಡತದಲ್ಲಿ ಬರೆದಿಟ್ಟರೆ ತಂತ್ರಾಂಶಕ್ಕೆ ಊಹೆ ಮಾಡುವ ಕೆಲಸವೇ ಉಳಿಯುವುದಿಲ್ಲ. ಬಳಿಕ ಕಥಾಸಾರಕ್ಕಾಗಿ ಶಿರಸ್ತೇದಾರರು ಅಣ್ಣನ ಪುಸ್ತಕದಲ್ಲಿ 1965ರ ಪುಟ ತಿರುವಿದರು.

ಉಳಿದ ಕಡೆಗಳಲ್ಲಿ ಅಣ್ಣನ ಅಭಿಪ್ರಾಯ ಉಪಾಧ್ಯಾಯರ ಷರಾದಂತೆ ಇರುತ್ತಿತ್ತು: ಸಂಗೀತ ಉತ್ತಮ, ಕೊನೆ ಅವಸರ, ಹಾಸ್ಯ ಅನಾವಶ್ಯಕ. ಇಲ್ಲಿ ಶಾಯಿ ಬೇರೆ, ಅಕ್ಷರವೂ ಸ್ವಲ್ಪ ಓಲಾಡಿತ್ತು. ‘ನಾನು, ಅವಳು. ಹಗಲಿನ ಆಟ. ರಾಜಕುಮಾರರ ಪಾತ್ರ ಬಹಳ ಚೆನ್ನ. ಲೋಹಿತಾಶ್ವನನ್ನು ಹೊತ್ತು ಆಕೆ ಸ್ಮಶಾನಕ್ಕೆ ಬರುವಾಗ ಕೂಡಲಾರದೆ ಎದ್ದು ಹೊರಗೆ ಹೋದೆ. ಅವಳನ್ನು ಒಬ್ಬಳೇ ಬಿಟ್ಟು ಹೋದೆ. ಮಗುವಿಗೆ ಇಂದಿಗೆ ಐದು ತಿಂಗಳು.’

ಆ ಮಗುವಿನ ವಿಷಯ ಶಿರಸ್ತೇದಾರರಿಗೆ ಗೊತ್ತಿತ್ತು. ಆಗ ಅವರಿಗೆ ಹದಿನಾಲ್ಕು ವರ್ಷ. ಗಂಡು ಕೂಸು, ಜ್ವರ ಬಂದು ಮೂರು ದಿನಗಳಲ್ಲಿ ಹೋಗಿತ್ತು. ಮನೆಯಲ್ಲಿ ಅದರ ಮಾತನ್ನು ಯಾರೂ ಎತ್ತಿದ್ದಿಲ್ಲ. ಅವರು ಬೆರಳಚ್ಚಿನ ಮುಂದೆ ಬಹಳ ಹೊತ್ತು ಕುಳಿತರು. ದಾಖಲೆಯಲ್ಲಿದ್ದುದನ್ನು ಇದ್ದಂತೆ ನಕಲು ಮಾಡುವುದು ಅವರ ಜೀವಮಾನದ ಧರ್ಮ. ಒಂದು ಅಕ್ಷರ ಬಿಟ್ಟರೂ ಅದು ನಕಲಲ್ಲ. ಆದರೆ ಈ ನಕಲು ಮೂರಡಿ ಅಗಲದ ಗಾಜಿನ ಮೇಲೆ, ಬಂದುಹೋಗುವವರ ಎದುರಿಗೆ, ಭಿತ್ತಿಚಿತ್ರದ ಪಕ್ಕದಲ್ಲಿ ಹೊಳೆಯತಕ್ಕದ್ದು. ಕೊನೆಗೆ ಅವರು ವಿಳಾಸವನ್ನಷ್ಟೇ ಬರೆದು, ಕಥಾಸಾರದ ಜಾಗವನ್ನು ಖಾಲಿ ಬಿಟ್ಟರು. ಅವರ ನೌಕರಿಯಲ್ಲಿ ಖಾಲಿ ಬಿಟ್ಟ ಕಲಂ ಇದೇ ಮೊದಲನೆಯದು.

ಹಬ್ಬದ ಮಧ್ಯಾಹ್ನ ಊಟವಾದ ಮೇಲೆ ಪುಟ ತೆರೆಯಿತು. ಭಿತ್ತಿಚಿತ್ರದಲ್ಲಿ ರಾಜಕುಮಾರ್ ಇದ್ದರು. ಅತ್ತಿಗೆಗೆ ಸಮಾಧಾನವಾಯಿತು. ಈ ಚಿತ್ರಕ್ಕೆ 2008ರಲ್ಲಿ ಬಣ್ಣ ತುಂಬಿ ಮತ್ತೆ ತೆರೆಗೆ ತಂದಿದ್ದರೆಂದು ಮೊಮ್ಮಗಳು ಹೇಳಿದಾಗ, “ನಾವು ನೋಡಿದ್ದು ಕಪ್ಪು ಬಿಳುಪು, ಅದೇ ಇರಲಿ,” ಎಂದರು. ಆಮೇಲೆ ಅವರ ಕಣ್ಣು ಮೆಲ್ಲನೆ ಕೆಳಗಿಳಿಯಿತು.

“ಬೇರೆಯದಕ್ಕೆಲ್ಲ ನಿಮ್ಮಣ್ಣನ ಮಾತು ಹಾಕಿದ್ದೀಯೆ. ಇದಕ್ಕೇನೂ ಬರೆದಿಲ್ಲವೇ ಅವರು?”

ಶಿರಸ್ತೇದಾರರಿಗೆ ಸುಳ್ಳು ಹೇಳಬೇಕೆನ್ನಿಸಿತು. ಹರಿಶ್ಚಂದ್ರನ ಮುಂದೆ ಕುಳಿತು ಸುಳ್ಳಾಡುವುದು ಹೇಗೆ? ಒಳಗೆ ಹೋಗಿ ಪುಸ್ತಕ ತಂದು, ಆ ಪುಟವನ್ನು ತೆರೆದು ಅತ್ತಿಗೆಯ ಕೈಯಲ್ಲಿಟ್ಟರು. ಮನೆಯಾಕೆಯೂ ಮೊಮ್ಮಗಳೂ ಏನೆಂದು ತಿಳಿಯದೆ ಸುಮ್ಮನಾದರು. ಅತ್ತಿಗೆ ಭೂತಗನ್ನಡಿ ಹಿಡಿದು ಅಕ್ಷರಕ್ಕೆ ಅಕ್ಷರ ಓದಿದರು. ಓದಿ ಮುಗಿಸಿ, ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟುಕೊಂಡು ಕುಳಿತರು.

“ಮಜ್ಜಿಗೆ ಕುಡಿಯೋದಕ್ಕೆ ಹೋಗಿದ್ದೆ ಅಂದಿದ್ದರು,” ಎಂದರು ಕೊನೆಗೆ. “ಇಂಥಾ ಹೊತ್ತಲ್ಲಿ ಮಜ್ಜಿಗೆ ನೆನಪಾಯಿತಲ್ಲಾ ಈ ಮನುಷ್ಯನಿಗೆ ಅಂತ, ಎಷ್ಟೋ ವರ್ಷ ನನಗೆ ಸಿಟ್ಟಿತ್ತು.”

ಯಾರೂ ಮಾತನಾಡಲಿಲ್ಲ.

“ಮೊದಲ ಸಾಲು ಹಾಕು ಸಾಕು. ನಾನು, ಅವಳು, ಹಗಲಿನ ಆಟ. ಮಿಕ್ಕದ್ದು ಪುಸ್ತಕದಲ್ಲೇ ಇರಲಿ. ಪುಸ್ತಕ ಇವತ್ತು ನನ್ನ ಹತ್ತಿರ ಇರಲಿ,” ಎಂದು ಅವರು ಅದನ್ನು ಮಡಿಲಲ್ಲಿಟ್ಟುಕೊಂಡರು. ಚಿತ್ರ ಪ್ರಾರಂಭವಾಯಿತು.

ಮೊದಲ ತಟ್ಟೆ ಮುಗಿದು ಎರಡನೆಯದು ಕಾಣದ ಹೊಲಿಗೆಯಲ್ಲಿ ಮುಂದುವರಿಯಿತು. ರಾಜ್ಯ ಹೋಯಿತು, ಕಾಶಿ ಬಂದಿತು, ಗಂಡ ಹೆಂಡಿರು ಮಾರಾಟವಾದರು. ಹುಡುಗ ದರ್ಭೆ ಕೊಯ್ಯಲು ಕಾಡಿಗೆ ಹೊರಡುವ ಹೊತ್ತಿಗೆ ಶಿರಸ್ತೇದಾರರು ಕುರ್ಚಿಯ ಕೈಯನ್ನು ಒತ್ತಿ ಮೇಲೇಳಲು ಅನುವಾದರು.

“ಎಲ್ಲಿಗೆ ಹೊರಟೆ?” ಎಂದರು ಅತ್ತಿಗೆ, ತೆರೆಯಿಂದ ಕಣ್ಣು ತೆಗೆಯದೆ.

“ಎಲ್ಲರಿಗೂ ಒಂದಿಷ್ಟು ಮಜ್ಜಿಗೆ...”

“ಮಜ್ಜಿಗೆ ಆಮೇಲೆ ಆಯಿತು. ಕೂತುಕೋ.”

ಅವರು ಕೂತರು.